ದೇವೀರಮ್ಮನ ಕಲ್ಲಿಗೆ ಒಂದು ಸಾಲು

ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಒಟ್ಟು ನಲವತ್ತೊಂದು ಸಮಾಧಿಗಳ ಮೇಲೆ ಸಂಪತ್ ಕುಮಾರ ಮೇಷ್ಟ್ರ ಹೆಸರಿದೆ. ಮೇಷ್ಟ್ರು ಮಾತ್ರ ಎಪ್ಪತ್ತಾರು ತುಂಬಿದರೂ ಮಂಡ್ಯದ ಗುತ್ತಲಿನ ಮನೆಯಲ್ಲಿ ಎರಡು ಹೊತ್ತು ಅನ್ನ ತಿಂದುಕೊಂಡು, ಬೆಳಿಗ್ಗೆ ಸಂಜೆ ವಾಕಿಂಗ್ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಇದೇನಪ್ಪಾ ವಿಚಿತ್ರ ಎಂದು ಗಾಬರಿಯಾಗುವುದು ಬೇಡ. ಆ ಕಡೆಯ ರೈತರು ಸತ್ತವರನ್ನು ಸುಡುವುದಿಲ್ಲ, ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮೇಲೆ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಯ ತಲೆಗೆ ಒಂದು ಕರಿಕಲ್ಲು. ಕಲ್ಲಿನ ಮೇಲೆ ಹೆಸರು, ಹುಟ್ಟಿದ್ದು, ಸತ್ತದ್ದು. ಅದರ ಕೆಳಗೆ, ಪೂರಿಗಾಲಿಯ ಶಾಲೆಯಲ್ಲಿ ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರ ಒಂದು ಸಾಲು. ಓದಿದವರು ಅಳಬಾರದು, ನಗಬೇಕು, ಅಂಥ ಸಾಲು. ಅದರಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಬರಹ: ಸಂಪತ್ ಮೇಷ್ಟ್ರು' ಎಂದು ಮದ್ದೂರಿನಲ್ಲಿ ಕಲ್ಲು ಕೆತ್ತುವ ದೇವರಾಜು ತಾನಾಗಿಯೇ ಸೇರಿಸುತ್ತಿದ್ದ. ಮೇಷ್ಟ್ರು ಬೇಡ ಎಂದಿರಲಿಲ್ಲ.

ಮೂರು ಹೊತ್ತೂ ಊರಿನ ಸುದ್ದಿ ಹಂಚುತ್ತಿದ್ದ ಚಿಕ್ಕಮಾದಮ್ಮನ ಕಲ್ಲಿನ ಮೇಲೆ ಹೀಗಿದೆ: 'ಊರಿನ ಗುಟ್ಟೆಲ್ಲ ಇಲ್ಲಿ ಮಲಗಿದೆ. ಮೆಲ್ಲಗೆ ನಡೆಯಿರಿ, ಎದ್ದುಬಿಟ್ಟೀತು.' ಬದುವಿನ ಸಲುವಾಗಿ ಮೂವತ್ತು ವರ್ಷ ಕೋರ್ಟು ಹತ್ತಿದ ಒಬ್ಬ ಯಜಮಾನರ ಮೇಲೆ: 'ಇವರು ಜೀವನದಲ್ಲಿ ಒಂದೇ ಸಲ ಆರಡಿ ಜಾಗಕ್ಕೆ ಒಪ್ಪಿದರು.' ಮದುವೆ ಮನೆಗಳಲ್ಲಿ ಬಾಡೂಟ ಮಾಡುತ್ತಿದ್ದ ಅಡಿಗೆಯವನ ಮೇಲೆ: 'ಇವನ ಕೈಯೂಟ ಉಂಡವರು ಸುಮ್ಮನೆ ಹೋಗಬೇಡಿ. ಒಂದು ಸಲ ತೇಗಿ ಹೋಗಿ.' ಜನ ನಿಜವಾಗಿಯೂ ತೇಗಿ ಹೋಗುತ್ತಾರೆ.

ಈ ನಲವತ್ತೊಂದು ಸಾಲಿನಲ್ಲಿ ಒಂದೇ ಒಂದು ಸಾಲೂ ಮೇಷ್ಟ್ರದಲ್ಲ. ಎಲ್ಲವೂ ಅವರ ಹೆಂಡತಿ ಯದುಗಿರಿಯವು. ಇದು ಮೇಷ್ಟ್ರಿಗೆ ಗೊತ್ತಿತ್ತು, ಯದುಗಿರಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎಂದು ಮೇಷ್ಟ್ರು ನಂಬಿದ್ದರು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದ ಯದುಗಿರಿ ಒಲೆಯ ಮುಂದೆಯೇ ಕುಸಿದು, ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟರು. ಹದಿಮೂರು ದಿನದ ಕರ್ಮ ಮುಗಿದು, ಮನೆ ತೊಳೆದು, ಬಂದ ನೆಂಟರನ್ನು ಬಸ್ಸು ಹತ್ತಿಸಿದ ಮಾರನೆಯ ದಿನವೇ ಪೂರಿಗಾಲಿಯ ನಿಂಗಯ್ಯ ಮಗ ನಾಗರಾಜುವಿನ ಬೈಕಿನ ಹಿಂದೆ ಕೂತು ಬಂದು, ಗೇಟಿನ ಹೊರಗೇ ಚಪ್ಪಲಿ ಬಿಟ್ಟ.

"ಅಮ್ಮಾವ್ರು ಓಗ್ಬುಟ್ರು ಅಂತ ತಿಳೀತು ಮೇಷ್ಟ್ರೇ. ಬರಾಕಾಗ್ನಿಲ್ಲ, ನಮ್ಮನೇಲೂ ಅದೇ ಆಗಿತ್ತಲ್ಲ," ಎಂದ. ಅವನ ಹೆಂಡತಿ ದೇವೀರಮ್ಮ ಯದುಗಿರಿಗಿಂತ ಇಪ್ಪತ್ತೆರಡು ದಿನ ಮೊದಲು ತೀರಿಕೊಂಡಿದ್ದಳು.

ಸೊಸೆ ಹರಿಪ್ರಿಯಾ ಕಾಫಿ ತಂದಿಟ್ಟಳು. ನಿಂಗಯ್ಯ ಕಾಫಿ ಮುಟ್ಟದೆ ಹೇಳಿದ:

"ಕಟ್ಟೆ ಕಟ್ಸಾಯ್ತು. ಕಲ್ಲೂ ದೇವರಾಜನ ಅಂಗ್ಡೀಲಿ ರೆಡಿ ಅದೆ. ಪಕ್ಸದ ಅಮಾಸೆಗೆ ಎಡೆ ಮಡಗೋ ಒತ್ಗೆ ಕಲ್ಲು ನಿಲ್ಬೇಕು. ನಮ್ಮೋಳು ಸಾಯಕ್ ಮುಂಚೆ ಒಂದೇ ಕೇಳಿದ್ದು. ಚಿನ್ನ ಕೇಳ್ನಿಲ್ಲ, ಸೀರೆ ಕೇಳ್ನಿಲ್ಲ. 'ಮೇಷ್ಟ್ರ ಮನೆ ಸಾಲು ಬರುಸ್ರಿ, ನನ್ ಮಣ್ ಗುಡ್ಡೆ ತಾವ ಬಂದೋರು ನಗ್ಬೇಕು' ಅಂದ್ಲು."

"ಬರೆದುಕೊಡ್ತೀನಿ ನಿಂಗಯ್ಯ," ಎಂದರು ಮೇಷ್ಟ್ರು. "ಒಂದು ವಾರ ಬಿಟ್ಟು ಬಾ."

ಅಭ್ಯಾಸದ ಬಲದಿಂದ ಬಾಯಿಂದ ಹಾಗೆ ಬಂದುಬಿಟ್ಟಿತು. ಬೈಕು ಗಲ್ಲಿ ತಿರುಗಿದ ಮೇಲೆ ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಹರಿಪ್ರಿಯಾ ಕುಕ್ಕರು ಇಡುತ್ತಿದ್ದಳು.

ಮೊದಲಿನಿಂದಲೂ ನಡೆದುಬಂದ ಕ್ರಮ ಹೀಗಿತ್ತು. ಯಾರಾದರೂ ಸಾಲು ಕೇಳಿ ಬಂದರೆ ಮೇಷ್ಟ್ರು ಆ ಊರಿಗೆ ಹೋಗಿ ಸಮಾಧಿ ನೋಡಿಕೊಂಡು ಬರುವರು. ಹಾಗೆ ನೋಡಿ ಬಂದ ಗಂಡನನ್ನು ಯದುಗಿರಿ ನೇರ ಒಳಗೆ ಬಿಡುತ್ತಿರಲಿಲ್ಲ. "ಅಲ್ಲೇ ನಿಂತ್ಕೊಳ್ಳಿ, ಅಲ್ಲೇ! ಗೋರಿ ಸುತ್ತಿ ಬಂದು ಹೊಸಿಲು ದಾಟ್ತಾರೆ ನೋಡಿ," ಎಂದು ಹಿತ್ತಿಲಿನಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದು, ಪಂಚೆ ಬದಲಿಸಿದ ಮೇಲೆಯೇ ಎಲೆ ಹಾಕುವರು. ಮೇಷ್ಟ್ರು ತಾವು ಬರೆದದ್ದನ್ನು ಊಟದ ಮಧ್ಯೆ ಓದುವರು. 'ಧರ್ಮಪರಾಯಣರೂ ಸಕಲಗುಣಸಂಪನ್ನರೂ' ಎನ್ನುವಷ್ಟರಲ್ಲಿ ಹುಳಿ ಬಡಿಸುತ್ತಿದ್ದ ಸೌಟು ನಿಂತುಬಿಡುತ್ತಿತ್ತು.

"ಯಾರು, ಆ ಯಲಿಯೂರಿನ ಯತೀಶನಾ? ದಿನಾ ರೈಲು ತಪ್ಪಿಸ್ಕೊಂಡು ಓಡಿ ಓಡಿ ಬಸ್ಸು ಹತ್ತುತಿದ್ನಲ್ಲ, ಆ ಹುಡುಗನಿಗೆ ಸಕಲಗುಣ ಯಾಕೆ? 'ಎಲ್ಲ ರೈಲಿಗೂ ತಡವಾಗಿ ಬಂದವನು, ಇದೊಂದಕ್ಕೆ ಮಾತ್ರ ಹೊತ್ತಿಗೆ ಮುಂಚೆ ಬಂದ' ಅಂತ ಬರೀರಿ. ಮೂವತ್ತನಾಲ್ಕಕ್ಕೆ ಹೋಗ್ಬಿಟ್ನಲ್ಲ, ಪಾಪಿ." ಹಾಗೆಂದು ಕಣ್ಣೊರೆಸಿಕೊಂಡು, "ಇನ್ನೊಂಚೂರು ಅನ್ನ ಹಾಕ್ಲಾ?" ಎಂದು ಕೇಳಿದ್ದರು.

ಅಷ್ಟೇ. ಮೇಷ್ಟ್ರು ಎಡಗೈಯಲ್ಲಿ ಗೀಚಿಕೊಳ್ಳುವರು. ಯದುಗಿರಿ ಒಂದು ಸಮಾಧಿಯ ಹತ್ತಿರಕ್ಕೂ ಹೋದವರಲ್ಲ, ಒಂದು ಕಲ್ಲನ್ನೂ ಕಂಡವರಲ್ಲ. ಒಮ್ಮೆ ಮಾತ್ರ, "ಕಲ್ಲಿನ ಮೇಲೆ ಹೇಗೆ ಕಾಣತ್ತೆ ರೀ?" ಎಂದು ಕೇಳಿದ್ದರು. "ಚೆನ್ನಾಗಿ ಕಾಣತ್ತೆ," ಎಂದಿದ್ದರು ಮೇಷ್ಟ್ರು. ಕೆಳಗಿನ ಸಣ್ಣ ಅಕ್ಷರದ ವಿಷಯ ಹೇಳಿರಲಿಲ್ಲ.

ದೇವೀರಮ್ಮ ಹೋದ ಸುದ್ದಿ ಬಂದ ದಿನ ಊಟಕ್ಕೆ ಕೂತಾಗ ಮೇಷ್ಟ್ರು ಎಂದಿನಂತೆ, "ಸಾಲು ಕೇಳ್ಕೊಂಡು ನಿಂಗಯ್ಯ ಬಂದೇ ಬರ್ತಾನೆ ನೋಡು," ಎಂದಿದ್ದರು. ಯದುಗಿರಿ ಸೌಟು ಪಾತ್ರೆಯಲ್ಲೇ ಬಿಟ್ಟು ಗೋಡೆಗೆ ಒರಗಿ ಕೂತಿದ್ದರು. "ತಡೀರಿ. ಅವಳ ವಿಷಯದಲ್ಲಿ ಅಷ್ಟು ಬೇಗ ನಗಕ್ಕಾಗಲ್ಲ ನಂಗೆ." ಆ ತಡೆದದ್ದು ತಡೆದ ಹಾಗೇ ಉಳಿಯಿತು.

ಮೊದಲನೆಯ ವಾರ ಮೇಷ್ಟ್ರು ಊಟದ ಹೊತ್ತಿಗೆ ಕಾಗದ, ಪೆನ್ನು ಹಿಡಿದೇ ಕೂತರು. ಹರಿಪ್ರಿಯಾ ಒಳ್ಳೆಯ ಅಡಿಗೆ ಮಾಡುತ್ತಿದ್ದಳು, ಅದರಲ್ಲಿ ತಕರಾರಿಲ್ಲ. ಆದರೆ ಬಡಿಸಿ ಹೋಗಿಬಿಡುತ್ತಿದ್ದಳು. ಅವಳು ಟೀಚರು; ಅವಳಿಗೆ ಶಾಲೆಯ ಕೆಲಸ, ಬಟ್ಟೆ ಮಡಿಸುವ ಕೆಲಸ.

"ಹರಿಪ್ರಿಯಾ, ದೇವೀರಮ್ಮ ಅಂದ್ರೆ ನಿಂಗೆ ಥಟ್ಟನೆ ಏನು ನೆನಪಾಗತ್ತೆ?"

"ಎಲೆ ಅಡಿಕೆ ಮಾವ. ಬಂದಾಗೆಲ್ಲ ಹಿತ್ತಿಲಲ್ಲಿ ಉಗಿದು ಹೋಗೋರು, ನಾನು ತೊಳೀತಿದ್ದೆ. ಯಾಕೆ?"

"ಏನಿಲ್ಲ, ಬಿಡು."

ಮೊಮ್ಮಗಳು ಆಶ್ರಿತಾಳಿಗೆ ಹತ್ತೊಂಬತ್ತು, ಬಿ.ಕಾಂ ಓದುತ್ತಿದ್ದಳು. ಮೇಷ್ಟ್ರು ಬರೆದದ್ದನ್ನು ಅವಳಿಗೆ ತೋರಿಸಿದರು. ಅವಳು ಓದಿ ತಾತನ ಮುಖ ನೋಡಿದಳು. "ತಾತ, ಇದು ಸನ್ಮಾನ ಪತ್ರದ ತರ ಇದೆ. ಶಾಲು, ಹಾರ ಎಲ್ಲಿ?"

ಗೌರಿ ಗಣೇಶ ಬಂತು, ಹೋಯಿತು. ಸೂತಕದ ವರ್ಷವಾದ್ದರಿಂದ ಮನೆಯಲ್ಲಿ ಹಬ್ಬವಿಲ್ಲ. ಪಕ್ಕದ ಮನೆಯಿಂದ ಕಡುಬು ಕರಿದ ವಾಸನೆ ಮಧ್ಯಾಹ್ನವೆಲ್ಲ ಬರುತ್ತಿತ್ತು. ಹೇಳಿದ ದಿನಕ್ಕೆ ಸರಿಯಾಗಿ ನಿಂಗಯ್ಯ ಬಂದ. ಮೇಷ್ಟ್ರು ಕನ್ನಡಕ ಏರಿಸಿ, ದನಿ ಸರಿಮಾಡಿಕೊಂಡು ಓದಿದರು: "ಪತಿಸೇವೆಯೇ ಪರಮಧರ್ಮವೆಂದು ಬಾಳಿದ, ಅನ್ನಪೂರ್ಣೆಯಂಥ ಸಾಧ್ವೀಮಣಿ..."

ನಿಂಗಯ್ಯ ಹಣೆ ಗಂಟಿಕ್ಕಿ ಕೇಳಿಸಿಕೊಂಡ.

"ಯಾರು ಮೇಷ್ಟ್ರೇ ಇವ್ಳು? ನಮ್ಮನೇಲಂತೂ ಇಂಥೋಳು ಇರ್ನಿಲ್ಲ."

"ಅಲ್ಲ ನಿಂಗಯ್ಯ..."

"ಪತಿಸೇವೆನಾ? ಒಂದ್ ಲೋಟ ನೀರ್ ಕೇಳುದ್ರೆ 'ಕೈಕಾಲ್ ಬಿದ್ದೋಗವಾ ನಿಂಗೆ' ಅಂತಿದ್ಲು. ಸಾಯೋ ದಿನವೂ ಬಯ್ದೇ ಸತ್ಲು, ನಾನ್ ಮಾತ್ರೆ ತಪ್ಪಾಗಿ ಕೊಟ್ಟೆ ಅಂತ." ಟವೆಲಿನಿಂದ ಮೂಗೊರೆಸಿಕೊಂಡು ಎದ್ದ. "ತಪ್ಪು ತಿಳೀಬ್ಯಾಡಿ. ಇದು ನಿಮ್ದು ಅನ್ನುಸ್ತಾ ಇಲ್ಲ. ನಿಮ್ಗೂ ಮನ್ಸು ಸರಿಯಿಲ್ಲ, ಗೊತ್ತು. ಇನ್ನೂ ಇಪ್ಪತ್ ದಿನ ಅದೆ. ಇನ್ನೊಂದ್ಸಲ ಬರ್ದು ನೋಡಿ."

ಅವನು ಹೋದ ಮೇಲೆ ಮೇಷ್ಟ್ರಿಗೆ ಅಳುವೂ ಬಂತು, ನಾಚಿಕೆಯೂ ಬಂತು. ನಲವತ್ತೊಂದು ಕಲ್ಲು ಕೆತ್ತಿಸಿದ ಮೇಲೆ ಮೊದಲನೆಯ ಸಲ ನಿಜವಾಗಿ ತಾವೇ ಬರೆದು ಕೊಟ್ಟ ಸಾಲು ಇದು. ಇದೊಂದನ್ನೇ ನಿಮ್ಮದಲ್ಲ ಎಂದು ಹೇಳಿ ಹೋದ.

ಮಗ ಮಧುಕರ ಮದ್ದೂರಿನಲ್ಲಿ ಸರ್ಕಾರಿ ಗುಮಾಸ್ತ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವವನು. ತಾಯಿಯ ಕರ್ಮವನ್ನು ಒಂದು ಮಂತ್ರವೂ ಬಿಡದೆ ಮಾಡಿ ಮುಗಿಸಿದ್ದ. ಅಂದು ಚಪ್ಪಲಿ ಬಿಚ್ಚುವಾಗಲೇ ಅವನ ಮುಖ ಗಂಟಿಕ್ಕಿತ್ತು.

"ಆ ಪೂರಿಗಾಲಿಯೋರು ಮತ್ತೆ ಬಂದಿದ್ರಂತಲ್ಲ. ಅಮ್ಮ ಹೋಗಿ ತಿಂಗಳಾಗಿಲ್ಲ, ಮನೆ ತುಂಬ ಗೋರಿ ಮಾತು. ಇನ್ನಾದ್ರೂ ಇದನ್ನ ನಿಲ್ಸಿ ಅಪ್ಪ."

"ಇದೊಂದು ಮಾತು ಕೊಟ್ಟಿದೀನಿ."

"ಕೊಟ್ಟಿದ್ರೆ ಎರಡು ಸಾಲು ಗೀಚಿಕೊಡಿ. ನಿಮಗೇನು ಅದು ಕಷ್ಟವಾ?"

ಹರಿಪ್ರಿಯಾ ಚಪಾತಿ ತಂದು ಇಬ್ಬರ ತಟ್ಟೆಗೂ ಹಾಕಿದಳು. ಮೇಷ್ಟ್ರು ಚಪಾತಿ ಮುರಿಯದೆ ಕೂತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಹೇಳಿದರು:

"ನಿಮ್ಮಮ್ಮನಿಗೆ ಒಂದು ಕಲ್ಲು ಹಾಕಿಸ್ಬೇಕು ಮಧು."

"ಏನು?"

"ಎಲ್ಲಾದ್ರೂ ಸರಿ. ಅವಳ ಹೆಸರು ಒಂದು ಕಲ್ಲಿನ ಮೇಲೆ ಇರ್ಬೇಕು."

"ಅಪ್ಪ, ಅಮ್ಮನ್ನ ಸುಟ್ಟಿದೀವಿ. ಅಸ್ಥಿ ಸಂಗಮದಲ್ಲಿ ಬಿಟ್ಟಿದೀವಿ. ಇನ್ನು ಕಲ್ಲು ಯಾತರ ಮೇಲೆ ಹಾಕ್ತೀರಿ, ನೀರಿನ ಮೇಲಾ? ನಮ್ಮಲ್ಲಿ ಅದೆಲ್ಲ ಎಲ್ಲಿದೆ? ನಿಮಗೇನಾಗಿದೆ?"

"ನಲವತ್ತೊಂದೂ ಅವಳದೇ ಕಣೋ," ಎಂದುಬಿಟ್ಟರು ಮೇಷ್ಟ್ರು. "ಒಂದೂ ನಂದಲ್ಲ. ಇಲ್ಲಿ, ಈ ತಟ್ಟೆ ಮುಂದೆ ಕೂತು ಅವಳು ಹೇಳಿದ್ದನ್ನ ನಾನು ಬರ್ಕೊಂಡೆ. ಕೆಳಗೆ ನನ್ನ ಹೆಸರು ಹಾಕಿದ್ರು. ಹಾಕ್ಲಿ ಅಂತ ಸುಮ್ಮನಿದ್ದೆ."

ಹರಿಪ್ರಿಯಾ ಚಪಾತಿಯ ಡಬ್ಬಿ ಹಿಡಿದೇ ನಿಂತಳು. ಮಧುಕರ ತಟ್ಟೆ ಪಕ್ಕಕ್ಕೆ ತಳ್ಳಿದ.

"ಅಮ್ಮಂಗೆ ಗೊತ್ತಿತ್ತಾ? ನಿಮ್ಮ ಹೆಸರು ಹಾಕಿರೋದು?"

"ಇಲ್ಲ."

"ನಿಮ್ಮ ಎಪ್ಪತ್ತನೇ ವರ್ಷಕ್ಕೆ ಪೂರಿಗಾಲಿಯೋರು ಇಲ್ಲಿಗೇ ಬಂದು ಶಾಲು ಹೊದಿಸಿದ್ರಲ್ಲ, ಗೋರಿ ಮೇಷ್ಟ್ರು ಅಂತ ಕೂಗಿ ನಕ್ಕರಲ್ಲ. ಆವತ್ತು ಅಮ್ಮ ಎಲ್ಲಿದ್ರು?"

"ಊಟಕ್ಕೆ ಬಡಿಸ್ತಿದ್ಲು."

"ಆವತ್ತಾದ್ರೂ ಹೇಳ್ಬಹುದಿತ್ತು ನೀವು," ಎಂದ ಮಧುಕರ. ಇಷ್ಟು ದಿನ ಆ ಸಾಲುಗಳೆಂದರೆ ಅಸಹ್ಯಪಡುತ್ತಿದ್ದವನು ಈಗ ಅವು ತಾಯಿಯವು ಎಂದು ತಿಳಿದದ್ದೇ ತಂದೆಯ ಮೇಲೆ ಕಳ್ಳನ ಮೇಲೆ ಹರಿಹಾಯುವಂತೆ ಹರಿಹಾಯ್ದ. ಮಗ ಬೈದದ್ದು ಸಾಲದು ಎಂದೇ ಮೇಷ್ಟ್ರಿಗೆ ಅನಿಸಿತು.

ಅಲ್ಲಿಂದ ಹತ್ತು ದಿನ ಅಪ್ಪ ಮಗನಿಗೆ ಮಾತಿಲ್ಲ. ಕಾಫಿ ಬೇಕಾ ಎಂಬ ಪ್ರಶ್ನೆಯೂ ಹರಿಪ್ರಿಯಾಳ ಮೂಲಕವೇ ಹೋಗಿಬರಬೇಕಾಗಿತ್ತು. "ನಾನೇನು ನಿಮ್ಮಿಬ್ಬರ ಮಧ್ಯೆ ಟಪಾಲಿನವಳಾ?" ಎಂದು ಅವಳು ಒಂದು ದಿನ ರೇಗಿ, ಲೋಟ ಕುಕ್ಕಿದಳು. ಮೇಷ್ಟ್ರು ಆ ದಿನವೇ ತೀರ್ಮಾನ ಮಾಡಿದರು. ಪೂರಿಗಾಲಿಗೆ ಹೋಗಿ ನಿಂಗಯ್ಯನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು. ಸಾಲು ಹುಟ್ಟುವ ಬಾಯಿ ಇಲ್ಲ, ಬೇರೆ ಯಾರನ್ನಾದರೂ ಕೇಳಿಕೋ ಎನ್ನಬೇಕು.

ಒಬ್ಬರನ್ನೇ ಕಳಿಸಲು ಹರಿಪ್ರಿಯಾ ಒಪ್ಪಲಿಲ್ಲ. ಭಾನುವಾರ ಮಾವನ ಜೊತೆ ತಾನೂ ಹೊರಟಳು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಪೂರಿಗಾಲಿಗೆ ಇಳಿದಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಜನ ನಿಲ್ಲಿಸಿ, "ಅಮ್ಮಾವ್ರು ಓಗ್ಬುಟ್ರಂತೆ," ಎಂದು ಕೈ ಹಿಡಿದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಅಚ್ಚರಿಯಾಯಿತು. ಊರು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಆದರೂ ಎಲ್ಲರಿಗೂ ಯದುಗಿರಿಯದೇ ಸಂಕಟ.

ನಿಂಗಯ್ಯನ ಜಗಲಿಯಲ್ಲಿ ಕೂತು, ಕೊಟ್ಟ ಎಳನೀರನ್ನು ಪಕ್ಕಕ್ಕಿಟ್ಟು, ಮೇಷ್ಟ್ರು ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಹೇಳುವಾಗ ನೆಲವನ್ನೇ ನೋಡುತ್ತಿದ್ದರು. ಮುಗಿಸಿ ತಲೆಯೆತ್ತಿದಾಗ ನಿಂಗಯ್ಯ ನಾಗರಾಜುವಿನ ಮುಖ ನೋಡುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ನಾಗರಾಜುವಿನ ಹೆಂಡತಿ ಕವಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಅಯ್ಯೋ ಮೇಷ್ಟ್ರೇ," ಎಂದ ನಿಂಗಯ್ಯ. "ಇದ್ನ ಯೋಳಾಕೆ ಬಸ್ಸತ್ಕೊಂಡ್ ಬಂದ್ರಾ? ಇಡೀ ಊರ್ಗೇ ಗೊತ್ತು ಕನ ಬುಡಿ."

"ಏನು?"

"ಹೆಂಗಸ್ರಿಗೆಲ್ಲ ಗೊತ್ತು. ಆಮೇಕೆ ನಮ್ಗೂ ಗೊತ್ತಾಯ್ತು. ಯಾರಾದ್ರೂ ಸತ್ರೆ ಅಮ್ಮಾವ್ರು ನಮ್ಮೋಳ್ಗೆ ಪೋನ್ ಮಾಡೋರು. 'ಅವ್ನು ಎಂಥೋನು ದೇವೀರಿ, ಏನ್ ತಿಂತಿದ್ದ, ಯಾರ್ ಜೊತೆ ಜಗಳ ಆಡ್ತಿದ್ದ' ಅಂತ ಗಂಟೆಗಟ್ಲೆ. ಇವ್ಳು ಯೋಳದು, ಅವ್ರು ನಗದು. ಎರಡ್ ದಿನ ಬಿಟ್ಟು ನಿಮ್ ಸಾಲು ಬರದು. ಅದ್ಕೇ ಅಲ್ವಾ ಇವ್ಳು 'ಮೇಷ್ಟ್ರ ಸಾಲು' ಅನ್ನಿಲ್ಲ, 'ಮೇಷ್ಟ್ರ ಮನೆ ಸಾಲು' ಅಂದದ್ದು. ಅಮ್ಮಾವ್ರು ನಿಮ್ಗೆ ಯೋಳ್ಬುಟ್ಟೇ ಓಗಿರ್ತಾರೆ ಅಂತ ನಾನ್ ಬಂದೆ."

ಮೇಷ್ಟ್ರು ತಡವರಿಸಿದರು. "ಹಾಗಾದ್ರೆ ಕೆಳಗೆ ನನ್ನ ಹೆಸರು ಇರೋದು..."

ಈಗ ಕವಿತ ಮಾತಾಡಿದಳು. "ಅದೂ ಗೊತ್ತಿತ್ತು ಮೇಷ್ಟ್ರೇ ಅಮ್ಮಾವ್ರಿಗೆ. ನಮ್ಮತ್ತೇನೇ ಯೋಳ್ಬುಟ್ರು. ನಾನ್ ಅಲ್ಲೇ ಕೂತಿದ್ದೆ, ಪೋನ್ ಸ್ಪೀಕರ್ಗೆ ಮಡಗಿದ್ರು. 'ಅಲ್ಲಾ ಕಣಮ್ಮಾವ್ರೇ, ಸಾಲು ನಿಮ್ದು, ಎಸ್ರು ಅವರ್ದಾ? ನಿಮ್ ಎಸ್ರು ಹಾಕ್ಸಿ' ಅಂತ ಜಗಳಕ್ಕೇ ನಿಂತ್ರು."

"ಅದಕ್ಕೆ ಅವಳೇನಂದ್ಲು?"

ಕವಿತ ಮಾವನ ಕಡೆ ನೋಡಿದಳು. ನಿಂಗಯ್ಯ ಹೇಳು ಎಂಬಂತೆ ತಲೆಯಾಡಿಸಿದ.

"'ಇರ್ಲಿ ಬಿಡೆ ದೇವೀರಿ. ಗೋರಿ ಮೇಲೆ ಹೆಸರು ಇರೋದು ಅವರದ್ದು ತಾನೆ? ನಂದು ಬೇಡಮ್ಮ, ನಾನಿನ್ನೂ ಸ್ವಲ್ಪ ದಿನ ಬದುಕಬೇಕು' ಅಂದ್ರು."

ಮೊದಲು ನಕ್ಕವಳು ಹರಿಪ್ರಿಯಾ. ತಡೆಯಲಾರದೆ ನಕ್ಕುಬಿಟ್ಟಳು. ನಿಂಗಯ್ಯ ನಕ್ಕ, ನಾಗರಾಜು ನಕ್ಕ. ಮೇಷ್ಟ್ರೂ ನಗಲು ಹೋದರು; ಆ ನಗು ಎದೆಯಿಂದ ಮೇಲೆ ಬರುವಷ್ಟರಲ್ಲಿ ಅಳುವಾಗಿ, ಅವರು ಜಗಲಿಯ ಕಂಬ ಹಿಡಿದುಕೊಂಡು ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಹದಿಮೂರು ದಿನದ ಕರ್ಮದಲ್ಲಿ ಅವರು ಹಾಗೆ ಅತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಅನ್ನ ಬಡಿಸಿದಳು, ಇನ್ನೊಂಚೂರು ಹಾಕ್ಲಾ ಎಂದು ಕೇಳಿದಳು, ಒಂದು ದಿನವೂ ತೋರಗೊಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಅವರಿಗೆ ಅನಿಸಿತು.

ಹರಿಪ್ರಿಯಾ ಎಳನೀರನ್ನು ಅವರ ಕೈಗೆ ಕೊಟ್ಟಳು. "ಕುಡೀರಿ ಮಾವ. ಅತ್ತೆ ಇಷ್ಟೊತ್ತಿಗೆ ದೇವೀರಮ್ಮನ ಹತ್ರ ಕೂತು ನಿಮ್ಮ ವಿಷಯವೇ ಮಾತಾಡ್ತಿರ್ತಾರೆ."

"ಬುಡವ್ವಾ, ಇಬ್ರೂ ಸೇರುದ್ರೆ ಮುಗೀತದಾ?" ಎಂದ ನಿಂಗಯ್ಯ. "ಅನ್ನ ಸೀದೋದ್ರೂ ಗೊತ್ತಾಗಕಿಲ್ಲ."

ಮೇಷ್ಟ್ರು ಎಳನೀರು ಪೂರ್ತಿ ಕುಡಿದರು. ಬುರುಡೆ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. "ನಾಗರಾಜು, ಬರ್ಕೊಳಪ್ಪ," ಎಂದರು. ನಾಗರಾಜು ಮೊಬೈಲು ತೆಗೆದ. ಮೇಷ್ಟ್ರು ಕಾಗದವಿಲ್ಲದೆ, ಯದುಗಿರಿ ಹೇಳುತ್ತಿದ್ದ ಹಾಗೆಯೇ ನಿಧಾನವಾಗಿ ಹೇಳಿದರು:

"ದೇವೀರಮ್ಮ. ಇವಳಿಗೆ ಸಾಲು ಬರೆಯಬೇಕಾಗಿದ್ದ ಯದುಗಿರಿಯಮ್ಮ ಇವಳ ಹಿಂದೆಯೇ ಹೊರಟುಬಿಟ್ಟರು. ಇಬ್ಬರ ಮಾತೂ ಮುಗಿದ ಮೇಲೆ ಬರೆಯಲಾಗುವುದು."

ನಾಗರಾಜು ಬರೆದುಕೊಂಡು ಒಮ್ಮೆ ಓದಿದ. ಆಮೇಲೆ ನಿಂಗಯ್ಯನ ಹೊಟ್ಟೆ ಕುಲುಕಿತು. "ಅಂಗಾರೆ ಎಂದೂ ಬರಿಯಂಗಿಲ್ಲ!" ಎಂದು ತೊಡೆ ತಟ್ಟಿ ನಕ್ಕು, ಅದೇ ಕೈಯಿಂದ ಕಣ್ಣೊರೆಸಿಕೊಂಡ. "ಕಳ್ಸು ಕಣ್ಲಾ ನಾಗ, ದೇವರಾಜಂಗೆ. ಇದೇ ಇರ್ಲಿ."

"ಕೆಳ್ಗಡೆ ಯಾರ್ ಎಸ್ರು ಹಾಕ್ಸದು?" ಎಂದು ನಾಗರಾಜು ಕೇಳಿದ.

"ಯಾರದೂ ಬೇಡ," ಎಂದರು ಮೇಷ್ಟ್ರು.

ಆ ಸಂಜೆ ಹರಿಪ್ರಿಯಾ ಎಲ್ಲವನ್ನೂ ಗಂಡನಿಗೆ ಹೇಳಿದಳು. ಮಧುಕರ ಕೂಗಾಡಿದ. ಅಮ್ಮನ ಹೆಸರು ಯಾರದೋ ಗೋರಿಯ ಮೇಲೆ, ಯಾರದೋ ಹೊಲದಲ್ಲಿ, ಮಳೆ ಬಿಸಿಲಿನಲ್ಲಿ!

"ಯಾರದೋ ಅಲ್ಲ ರೀ, ಅತ್ತೆಯ ಸ್ನೇಹಿತೇದು," ಎಂದಳು ಹರಿಪ್ರಿಯಾ, ಸೊಪ್ಪು ಸೋಸುತ್ತ. "ಈ ಮನೇಲಿ ಅತ್ತೆ ಜೊತೆ ಗಂಟೆಗಟ್ಟಲೆ ಮಾತಾಡಿದೋರು ಯಾರಿದ್ರು ಹೇಳಿ? ನೀವಾ? ರೈಲಿಂದ ಇಳಿದು ಬಂದು ಟಿ.ವಿ. ಹಾಕ್ತಿದ್ರಿ. ನಾನಾ? ನಂಗೆ ಯಾವಾಗ್ಲೂ ಕೆಲಸ. ಆ ಎಲೆ ಅಡಿಕೆ ಉಗಿಯೋ ಹೆಂಗಸೊಬ್ಬಳೇ ಕೂತು ಕೇಳಿದ್ದು. ಕಲ್ಲಿನ ಮೇಲೆ ಒಟ್ಟಿಗಿರ್ಲಿ ಬಿಡಿ."

ಮಧುಕರ ರಾತ್ರಿ ಊಟಕ್ಕೆ ಕೂತಾಗ ತಂದೆಯ ತಟ್ಟೆಯ ಕಡೆ ಉಪ್ಪಿನಕಾಯಿಯ ಜಾಡಿ ತಳ್ಳಿದ. ಹತ್ತು ದಿನದಲ್ಲಿ ಅದೇ ಮೊದಲು.

ಪಕ್ಷದ ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ಏನೂ ಇರಲಿಲ್ಲ. ಹೋದವರಿಗೆ ವರ್ಷ ತುಂಬುವವರೆಗೆ ಪಕ್ಷ ಮಾಡುವ ಹಾಗಿಲ್ಲ ಎಂದು ಪುರೋಹಿತರು ಹೇಳಿದ್ದರು. ಬೆಳಿಗ್ಗೆ ಹತ್ತಕ್ಕೆ ಮಧುಕರ, "ಕಾರು ತೆಗೀತೀನಿ, ಬರೋದಾದ್ರೆ ಬನ್ನಿ," ಎಂದಷ್ಟೇ ಹೇಳಿದ. ನಾಲ್ಕು ಜನವೂ ಹೊರಟರು. ಆಶ್ರಿತಾ ದಾರಿಯಲ್ಲಿ ಯತೀಶನ ಸಾಲು, ಅಡಿಗೆಯವನ ಸಾಲು ಕೇಳಿ ಕೇಳಿ ತಾತನ ಬಾಯಲ್ಲಿ ಹೇಳಿಸಿದಳು.

ಕಬ್ಬಿನ ಗದ್ದೆಯ ಅಂಚಿನಲ್ಲಿ, ತೆಂಗಿನ ಮರದ ಕೆಳಗೆ ಹೊಸ ಕಲ್ಲು ನಿಂತಿತ್ತು. ಊರಿನವರು ಹತ್ತಾರು ಜನ ಆಗಲೇ ಓದಿ ನಗಾಡುತ್ತಿದ್ದರು. ಮಧುಕರ ಹತ್ತಿರ ಹೋಗಿ ಓದಿದ. ತಾಯಿಯ ಹೆಸರಿದ್ದ ಕಡೆ ಬೆರಳಿಟ್ಟು, ಅಕ್ಷರದ ಗುಂಟ ಎಳೆದ.

ಕಟ್ಟೆಯ ಮೇಲೆ ಎಡೆ ಇಟ್ಟಿದ್ದರು. ಒಂದು ಬಾಳೆಯೆಲೆಯಲ್ಲಿ ಮುದ್ದೆ, ಬಾಡಿನ ಸಾರು, ಎಲೆ ಅಡಿಕೆ. ಮಾರುದ್ದ ದೂರದಲ್ಲಿ, ಸಗಣಿ ಸಾರಿಸಿ ರಂಗೋಲಿ ಹಾಕಿದ ಜಾಗದಲ್ಲಿ ಇನ್ನೊಂದು ಎಲೆ ಇತ್ತು. ಅದರಲ್ಲಿ ಅನ್ನ, ತಿಳಿಸಾರು, ಕೋಸಂಬರಿ, ಒಬ್ಬಟ್ಟು, ಸಣ್ಣ ದೊನ್ನೆಯಲ್ಲಿ ತುಪ್ಪ.

"ಅದು ಅಮ್ಮಾವ್ರ ಎಲೆ," ಎಂದ ನಿಂಗಯ್ಯ, ಮೇಷ್ಟ್ರ ಮುಖ ನೋಡದೆ. "ಕವಿತ ತಲೆಗೆ ನೀರಾಕ್ಕೊಂಡು ಒಸ ಮಡಕೇಲಿ ಬ್ಯಾರೆ ಮಾಡವ್ಳೆ. ಬಾಡಿನ ಕೈ ತಗುಲ್ಸಿಲ್ಲ. ನಿಮ್ ಮನೇಲಿ ಈ ವರ್ಸ ಎಡೆ ಇಲ್ಲ ಅಂತ ನಿಮ್ ಸೊಸೆ ಅಂದ್ರು. ಅಸ್ಕೊಂಡ್ ಯಾಕಿರ್ಬೇಕು ಅಂತ ಮಡಗ್ದೋ. ತಪ್ಪಾಗಿದ್ರೆ ಒಟ್ಟೆಗೆ ಹಾಕ್ಕಳಿ."

ಮೇಷ್ಟ್ರು ಮಗನ ಕಡೆ ನೋಡಿದರು. ಮಧುಕರ ಚಪ್ಪಲಿ ಬಿಟ್ಟು ಬಂದು ಆ ಎಲೆಯ ಮುಂದೆ ಕೈ ಮುಗಿದು ನಿಂತ.

ನಿಂಗಯ್ಯ ಧೂಪ ಹಾಕಿದ. ಆ ಮನೆತನದ ರೂಢಿಯ ಪ್ರಕಾರ ಎಡೆ ಇಟ್ಟ ಮೇಲೆ ಹೆಸರು ಹಿಡಿದು ಕೂಗಿ ಊಟಕ್ಕೆ ಕರೆಯಬೇಕು. "ದೇವೀರಿ! ಲೇ ದೇವೀರಿ! ಬಾರಮ್ಮಿ ಉಣ್ಣಾಕೆ!" ಎಂದು ಅವನು ಗದ್ದೆಯೆಲ್ಲ ಕೇಳುವ ಹಾಗೆ ಕೂಗಿದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ನೀವೂ ಕರೀರಿ. ಮನೆಯೋರೇ ಕರೀಬೇಕು."

ಮೇಷ್ಟ್ರು ಎಲೆಯ ಮುಂದೆ ಬಂದು ನಿಂತರು. ಕರೆಯಬೇಕೆಂದು ಬಾಯಿ ತೆರೆದಾಗ ಅವರಿಗೆ ಹೊಳೆಯಿತು: ನಲವತ್ತೆಂಟು ವರ್ಷದ ಸಂಸಾರದಲ್ಲಿ ದಿನಕ್ಕೆ ಎರಡು ಸಲ ಅವಳೇ ಅವರನ್ನು ಊಟಕ್ಕೆ ಕರೆದಿದ್ದಳು. ಅವರು ಅವಳನ್ನು ಒಂದು ಸಲವೂ ಕರೆದಿರಲಿಲ್ಲ. ಎಲ್ಲರದೂ ಆದ ಮೇಲೆ ಅವಳು ಯಾವಾಗ ತಿನ್ನುತ್ತಿದ್ದಳು, ಏನು ತಿನ್ನುತ್ತಿದ್ದಳು, ಅವರು ನೋಡಿದವರಲ್ಲ.

"ಯದೂ," ಎಂದರು. ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸಿತು. "ಊಟಕ್ಕೆ ಬಾ."

ನಿಂಗಯ್ಯ ಅವರ ಬೆನ್ನ ಮೇಲೆ ಕೈಯಿಟ್ಟ.

"ಗಟ್ಟಿಯಾಗಿ ಕರೀರಿ ಮೇಷ್ಟ್ರೇ. ಮಾತ್ನಲ್ಲವ್ರೆ ಇಬ್ರೂ, ಕೇಳ್ಸಕಿಲ್ಲ."

ಮೇಷ್ಟ್ರು ಗಟ್ಟಿಯಾಗಿ ಕರೆದರು.